ಗೋದಾವರಿಯಿಂದ ನ್ಹಾವಾ ಶೇವಾಗೆ: ಒಂದು ತೂಕದ ಪಯಣ

ಸರಕು ತುಂಬಿದ ಕಂಟೇನರನ್ನು ಹಡಗಿಗೆ ಏರಿಸುವ ಮುನ್ನ ಅದರ ಒಟ್ಟು ತೂಕವನ್ನು ನಿಜವಾಗಿ ತೂಗಿ ನೋಡಿರಬೇಕು. ಆ ಅಂಕಿಗೆ ಜವಾಬ್ದಾರರೊಬ್ಬರು ಸಹಿ ಹಾಕಿರಬೇಕು. ಅದು ಹಡಗು ಕಂಪನಿಗೂ ಬಂದರಿನ ಟರ್ಮಿನಲ್‌ಗೂ ಮೊದಲೇ ತಲುಪಿರಬೇಕು. ಇಷ್ಟು ಆಗದಿದ್ದರೆ ಕಂಟೇನರ್ ಹಡಗು ಹತ್ತುವಂತಿಲ್ಲ. 'ಸೋಲಾಸ್' ಎಂದು ಹೆಸರಾದ ಕಡಲ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದದ ಆರನೇ ಅಧ್ಯಾಯಕ್ಕೆ 2014ರ ನವೆಂಬರಿನಲ್ಲಿ ತಂದ ತಿದ್ದುಪಡಿ ಇದು. 2016ರ ಜುಲೈ 1ರಿಂದ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಜಾರಿಯಲ್ಲಿದೆ. ರಫ್ತು ವ್ಯವಹಾರದಲ್ಲಿ ಇರುವವರ ಬಾಯಲ್ಲಿ ಇದರ ಹೆಸರು 'ವಿಜಿಎಂ', ಅಂದರೆ ದೃಢೀಕರಿಸಿದ ಒಟ್ಟು ತೂಕ.

ನಿಯಮ ಕಡಲಿನದ್ದು. ಅದನ್ನು ಪಾಲಿಸುವ ಜಾಗ ಮಾತ್ರ ಕಡಲಿನಿಂದ ಬಹುದೂರ. ನಾಸಿಕ್ ಜಿಲ್ಲೆಯ ದ್ರಾಕ್ಷಿ ಪ್ಯಾಕ್‌ಹೌಸುಗಳಲ್ಲಿ, ಛತ್ರಪತಿ ಸಂಭಾಜಿನಗರದ ಕಾರ್ಖಾನೆಗಳ ಹಿಂದಿನ ಅಂಗಳದಲ್ಲಿ, ಹೆದ್ದಾರಿ ಬದಿಯ ವೇಬ್ರಿಡ್ಜುಗಳಲ್ಲಿ ಅದು ಪಾಲನೆಯಾಗುತ್ತದೆ ಅಥವಾ ಆಗುವುದಿಲ್ಲ. ಅಲೆಯನ್ನೇ ಕಾಣದ ಊರುಗಳಲ್ಲಿ ಬರೆದ ಒಂದು ಅಂಕಿಯನ್ನು ನಂಬಿ ಅರಬ್ಬಿ ಸಮುದ್ರದಲ್ಲಿ ಇಪ್ಪತ್ತು ಚಿಲ್ಲರೆ ನಾವಿಕರು ಮಲಗಿ ನಿದ್ದೆ ಮಾಡುತ್ತಾರೆ. ಹಾಗಾಗಿ ಈ ನಿಯಮವನ್ನು ಅರ್ಥಮಾಡಿಕೊಳ್ಳಲು ಬಂದರಿಗಿಂತ ಮೊದಲು ಹೋಗಬೇಕಾದದ್ದು ಒಳನಾಡಿಗೆ.

ಈ ಒಳನಾಡು ಕನ್ನಡಿಗರಿಗೆ ಪರಕೀಯವಲ್ಲ. ಒಂಬತ್ತನೇ ಶತಮಾನದ 'ಕವಿರಾಜಮಾರ್ಗ' ಕನ್ನಡ ನಾಡಿನ ಬಡಗಣ ಮೇರೆಯೆಂದು ಹೇಳುವ ಗೋದಾವರಿ ಹುಟ್ಟುವುದು ನಾಸಿಕ್ ಬಳಿಯ ತ್ರ್ಯಂಬಕೇಶ್ವರದಲ್ಲಿ. ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರ್ ದೂರದ ಎಲ್ಲೋರಾದಲ್ಲಿ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ ಕೈಲಾಸ ದೇವಾಲಯವಿದೆ. ಇಂದು ಕರ್ನಾಟಕದಿಂದ ಹೋಗುವವರು ಈ ಎರಡು ಊರುಗಳಲ್ಲಿ ದೇವಸ್ಥಾನ, ಗುಹೆಗಳನ್ನಷ್ಟೇ ನೋಡಿ ಬರುತ್ತಾರೆ. ದಾರಿಯುದ್ದಕ್ಕೂ ಎದುರಾಗುವ ಟ್ರೇಲರುಗಳ ಮೇಲಿನ ಬಿಳಿ, ನೀಲಿ, ಕಂದು ಪೆಟ್ಟಿಗೆಗಳು ಈ ಸೀಮೆಯ ಈಗಿನ ಬದುಕಿನ ಬಗ್ಗೆ ಅಷ್ಟೇ ಮಾತಾಡುತ್ತವೆ.

ನಾಸಿಕ್‌ನ ಉತ್ತರ ಮತ್ತು ಪೂರ್ವಕ್ಕೆ ದಿಂಡೋರಿ, ನಿಫಾಡ್, ಪಿಂಪಳಗಾಂವ್ ಬಸವಂತ್, ಓಝರ್ ಸುತ್ತಮುತ್ತ ದೇಶದ ರಫ್ತು ದ್ರಾಕ್ಷಿಯ ಬಹುಪಾಲು ಬೆಳೆಯುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಕೊಯ್ಲಿನ ಭರಾಟೆ. ದಿಂಡೋರಿ ತಾಲ್ಲೂಕಿನ ಮೋಹಾಡಿಯಲ್ಲಿರುವ ಸಹ್ಯಾದ್ರಿ ಫಾರ್ಮ್ಸ್ ಎಂಬ ರೈತ ಉತ್ಪಾದಕ ಕಂಪನಿಯೂ ಇಲ್ಲಿಂದಲೇ ಯುರೋಪಿಗೆ ಹಣ್ಣು ಕಳಿಸುತ್ತದೆ. ಭಾರತದ ದ್ರಾಕ್ಷಿ ಅತಿ ಹೆಚ್ಚು ಹೋಗುವುದು ನೆದರ್ಲೆಂಡ್ಸಿಗೆ, ರಾಟರ್‌ಡ್ಯಾಮ್ ಬಂದರಿನ ಮೂಲಕ. ದೂರದ ದೇಶದ ನಿಯಮ ತೋಟದ ಬೇಲಿಯೊಳಗೆ ಬಂದು ಕೂರುವುದು ಇಲ್ಲಿನ ರೈತರಿಗೆ ಹೊಸತಲ್ಲ. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷಾಂಶ ಕಂಡುಬಂದು ಯುರೋಪು ಭಾರತದ ದ್ರಾಕ್ಷಿಯನ್ನು ತಿರಸ್ಕರಿಸಿದಾಗ ನಾಸಿಕ್ ತತ್ತರಿಸಿತ್ತು. ಆಮೇಲೆ ಪ್ರತಿ ತೋಟದ ನೋಂದಣಿ, ಪ್ರತಿ ಸಿಂಪಡಣೆಯ ಲೆಕ್ಕ, ಪ್ರತಿ ಪೆಟ್ಟಿಗೆಯ ಗುರುತು ಇಲ್ಲಿನ ದಿನಚರಿಯಾಯಿತು. ತೂಕದ ನಿಯಮ ಬಂದಾಗ ಕಾಗದಪತ್ರದ ಶಿಸ್ತು ಈ ಜಿಲ್ಲೆಗೆ ಆಗಲೇ ಕೈಗೆ ಹತ್ತಿತ್ತು.

ಪ್ಯಾಕ್‌ಹೌಸಿನ ಒಳಗೆ ಸಾಲು ಸಾಲು ಮೇಜುಗಳು. ತಲೆಗೆ ಟೊಪ್ಪಿ, ಬಾಯಿಗೆ ಮಾಸ್ಕ್ ಕಟ್ಟಿದ ಹೆಣ್ಣುಮಕ್ಕಳು ಮೂತಿ ಸಣ್ಣಗಿರುವ ಕತ್ತರಿಯಿಂದ ಗೊಂಚಲಿನ ಒಡೆದ, ಚಿಕ್ಕ, ಬಣ್ಣಗೆಟ್ಟ ಹಣ್ಣುಗಳನ್ನು ಕತ್ತರಿಸಿ ತೆಗೆಯುತ್ತಾರೆ. ಹಣ್ಣಿನ ಮೇಲಿನ ಬೂದಿಪದರ ಅಳಿಸಬಾರದೆಂದು ಗೊಂಚಲನ್ನು ತೊಟ್ಟು ಹಿಡಿದೇ ಎತ್ತುತ್ತಾರೆ. ಪಾರದರ್ಶಕ ಪನೆಟ್ ಡಬ್ಬಿಯನ್ನು ಪುಟ್ಟ ತಕ್ಕಡಿಯ ಮೇಲಿಟ್ಟು ಅರ್ಧ ಕಿಲೋ ತುಂಬುತ್ತಾರೆ. ತುಂಬುವುದು ಸರಿಯಾಗಿ ಅರ್ಧ ಕಿಲೋ ಅಲ್ಲ. ವಾರಗಟ್ಟಲೆ ಪ್ರಯಾಣದಲ್ಲಿ ಹಣ್ಣು ನೀರು ಕಳೆದುಕೊಂಡು ಹಗುರಾಗುತ್ತದೆ. ಅಲ್ಲಿನ ಅಂಗಡಿಯಲ್ಲಿ ತೂಗಿದಾಗ 500 ಗ್ರಾಮಿಗೆ ಕಡಿಮೆ ಬರಬಾರದೆಂದು ಕೆಲವು ಗ್ರಾಂ ಹೆಚ್ಚೇ ಹಾಕುತ್ತಾರೆ. ಹತ್ತು ಪನೆಟ್ಟಿಗೆ ಒಂದು ರಟ್ಟಿನ ಪೆಟ್ಟಿಗೆ, ಮೇಲೆ ಬೂಷ್ಟು ತಡೆಯುವ ಸಲ್ಫರ್ ಡೈಆಕ್ಸೈಡ್ ಹಾಳೆ. ಪೆಟ್ಟಿಗೆಗಳು ಶೀತಕೋಣೆಯಲ್ಲಿ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ತಣಿದ ಮೇಲೆ ಮರದ ಪ್ಯಾಲೆಟ್ ಏರಿ, ಪಟ್ಟಿ ಬಿಗಿಸಿಕೊಂಡು, 40 ಅಡಿಯ ರೀಫರ್ ಕಂಟೇನರ್ ಒಳಗೆ ಸಾಲಾಗಿ ನಿಲ್ಲುತ್ತವೆ.

ತೂಕ ತಪ್ಪುವುದು ಇಲ್ಲಿಂದಲೇ ಶುರು. ಮಾದರಿಗೆ ಒಂದು ಲೆಕ್ಕ ಹಾಕಬಹುದು. ಕಂಟೇನರಿನಲ್ಲಿ 20 ಪ್ಯಾಲೆಟ್, ಒಂದೊಂದರಲ್ಲಿ 5 ಕಿಲೋದ 144 ಪೆಟ್ಟಿಗೆ ಎಂದುಕೊಂಡರೆ ಇನ್‌ವಾಯ್ಸಿನಲ್ಲಿ ಬರುವ ಹಣ್ಣಿನ ತೂಕ 14,400 ಕಿಲೋ. ಪ್ರತಿ ಪನೆಟ್ಟಿಗೆ 15 ಗ್ರಾಂ ಹೆಚ್ಚು ತುಂಬಿದ್ದರೆ, 28,800 ಪನೆಟ್ಟಿಗೆ ಅದೇ 432 ಕಿಲೋ. ರಟ್ಟು, ಡಬ್ಬಿ, ಹಾಳೆ ಸೇರಿ ಪೆಟ್ಟಿಗೆಗೆ 600 ಗ್ರಾಂ ಹಿಡಿದರೆ 1,728 ಕಿಲೋ. ಪ್ಯಾಲೆಟ್, ಮೂಲೆಪಟ್ಟಿ, ಬಿಗಿಪಟ್ಟಿಗಳಿಗೆ ತಲಾ 23 ಕಿಲೋ ಎಂದರೆ 460. ಶೀತಯಂತ್ರವನ್ನು ಹೊತ್ತ ರೀಫರಿನ ಖಾಲಿ ತೂಕ 4,640 ಕಿಲೋ ಇದ್ದರೆ ಎಲ್ಲ ಸೇರಿ 21,660 ಕಿಲೋ. ಮಾರುವವನಿಗೆ ಇದು 14.4 ಟನ್ ಸರಕು, ಹಡಗಿಗೆ 21.66 ಟನ್ ಭಾರ. ಹಿಂದೆ ಅನೇಕರು ಹಡಗು ಕಂಪನಿಗೆ ಕೊಡುತ್ತಿದ್ದದ್ದು ಮಾರಾಟದ ತೂಕವನ್ನೋ ಅದಕ್ಕೆ ಅಂದಾಜಿನಲ್ಲಿ ಒಂದಿಷ್ಟು ಕೂಡಿಸಿದ ಅಂಕಿಯನ್ನೋ. ಮೋಸದ ಉದ್ದೇಶ ಇರಬೇಕೆಂದೇನಿಲ್ಲ. ರಟ್ಟು, ಹಲಗೆ, ಪಟ್ಟಿಗಳನ್ನು ಭಾರವೆಂದು ಯಾರೂ ಎಣಿಸುತ್ತಿರಲಿಲ್ಲ.

ನಿಯಮ ಎರಡು ದಾರಿಗಳನ್ನು ಮಾತ್ರ ಒಪ್ಪುತ್ತದೆ. ಮೊದಲನೆಯದು, ತುಂಬಿ ಸೀಲ್ ಮಾಡಿದ ಕಂಟೇನರನ್ನೇ ತೂಗುವುದು. ಎರಡನೆಯದು, ಒಳಗೆ ಹೋಗುವ ಪ್ರತಿ ಪೆಟ್ಟಿಗೆ, ಪ್ಯಾಲೆಟ್, ಆಧಾರದ ಮರ, ಕಟ್ಟುವ ಸಾಮಗ್ರಿಯನ್ನು ಬೇರೆಬೇರೆಯಾಗಿ ತೂಗಿ, ಕಂಟೇನರಿನ ಬಾಗಿಲ ಮೇಲೆ ಬರೆದಿರುವ ಖಾಲಿ ತೂಕವನ್ನು ಕೂಡಿಸುವುದು. ತಯಾರಕರೇ ತೂಗಿ, ಮುಚ್ಚಿ, ಅಳಿಸದಂತೆ ತೂಕ ಬರೆದ ಪೊಟ್ಟಣಗಳನ್ನು ಮತ್ತೆ ತೂಗಬೇಕಿಲ್ಲ. ಗುಜರಿ ಕಬ್ಬಿಣ, ಚೀಲಕ್ಕೆ ಹಾಕದ ಧಾನ್ಯದಂಥ ಸರಕಿಗೆ ಎರಡನೇ ದಾರಿ ಹೊಂದದು. ಅಂದಾಜಿಗೆ ಎರಡರಲ್ಲೂ ಜಾಗವಿಲ್ಲ. ಹೊಣೆ ಪೂರ್ತಿಯಾಗಿ ಬಿಲ್ ಆಫ್ ಲೇಡಿಂಗ್‌ನಲ್ಲಿ ಹೆಸರಿರುವ ರಫ್ತುದಾರನದ್ದು. ಲಾರಿ ಮಾಲೀಕನಾಗಲಿ ಕಸ್ಟಮ್ಸ್ ಏಜೆಂಟನಾಗಲಿ ಅದನ್ನು ಹೊರಲಾರ.

ಕಂಟೇನರಿನ ಬಾಗಿಲು ಓದಲು ಕಲಿತವರಿಗೆ ಒಂದು ದಾಖಲೆಪುಟವೇ ಸರಿ. ಬಲಬಾಗಿಲ ಮೇಲ್ಭಾಗದಲ್ಲಿ ನಾಲ್ಕು ಅಕ್ಷರ, ಆರು ಅಂಕಿ, ಚೌಕದೊಳಗೆ ಮತ್ತೊಂದು ಅಂಕಿ. ಈ ಕೊನೆಯದು ಹಿಂದಿನವನ್ನು ಬರೆಯುವಾಗ ತಪ್ಪಾಗಿದೆಯೇ ಎಂದು ಪರೀಕ್ಷಿಸುವ ಅಂಕಿ. ಅದರ ಕೆಳಗೆ ಗರಿಷ್ಠ ಒಟ್ಟು ತೂಕ, ಖಾಲಿ ತೂಕ, ಹೊರಬಹುದಾದ ಸರಕಿನ ತೂಕ ಕಿಲೋಗ್ರಾಮಿನಲ್ಲೂ ಪೌಂಡಿನಲ್ಲೂ ಇರುತ್ತವೆ. ಎಡಬಾಗಿಲಿಗೆ ಮೊಳೆ ಹೊಡೆದು ಕೂರಿಸಿದ ಲೋಹದ ಫಲಕ 1972ರ ಕಂಟೇನರ್ ಸುರಕ್ಷತಾ ಒಪ್ಪಂದದ್ದು. ಪೆಟ್ಟಿಗೆ ಯಾವ ವರ್ಷ ತಯಾರಾಯಿತು, ಅದರ ಮೇಲೆ ಎಷ್ಟು ಭಾರ ಪೇರಿಸಬಹುದು ಎಂಬುದು ಅದರಲ್ಲಿದೆ. ತೂಕದ ಚೀಟಿಯಲ್ಲಿನ ಅಂಕಿ ಎಷ್ಟೇ ಪ್ರಾಮಾಣಿಕವಾಗಿರಲಿ, ಗರಿಷ್ಠ ಒಟ್ಟು ತೂಕದ ಮಿತಿಯನ್ನು ದಾಟಿದ್ದರೆ ಆ ಕಂಟೇನರನ್ನು ಹಡಗಿಗೆ ಹಾಕುವಂತಿಲ್ಲ.

ನಾಸಿಕ್‌ನಿಂದ ಹೊರಡುವ ರಸ್ತೆಗಳಲ್ಲಿ ವೇಬ್ರಿಡ್ಜುಗಳಿಗೆ ಬರವಿಲ್ಲ. ಈರುಳ್ಳಿಯ ಲಾಸಲಗಾಂವ್ ಇರುವ ಜಿಲ್ಲೆಗೆ ವಾಹನ ಸಮೇತ ತೂಗುವುದು ತಲೆಮಾರುಗಳ ರೂಢಿ. ಮರಾಠಿಯಲ್ಲಿ ಇದು 'ವಜನ್ ಕಾಟಾ'. ಉದ್ದನೆಯ ಉಕ್ಕಿನ ವೇದಿಕೆ, ಅದರಡಿ ಭಾರವನ್ನು ವಿದ್ಯುತ್ ಸಂಕೇತವಾಗಿಸುವ ಲೋಡ್ ಸೆಲ್‌ಗಳು, ಪಕ್ಕದ ಗೂಡಿನಲ್ಲಿ ಕಂಪ್ಯೂಟರು, ಕರಕರ ಸದ್ದು ಮಾಡುವ ಪ್ರಿಂಟರು. ಟ್ರೇಲರಿನ ಎಲ್ಲ ಅಚ್ಚುಗಳೂ ವೇದಿಕೆಯ ಮೇಲಿರಬೇಕು, ಚಾಲಕ ಮತ್ತು ಕ್ಲೀನರ್ ಇಳಿದಿರಬೇಕು, ಎಂಜಿನ್ ಆರಿಸಿರಬೇಕು, ಪರದೆಯ ಅಂಕಿ ಅಲುಗಾಡುವುದು ನಿಲ್ಲುವವರೆಗೆ ಕಾಯಬೇಕು. ಗಡಿಬಿಡಿಯ ರಾತ್ರಿಯಲ್ಲಿ ಬಿಟ್ಟುಹೋಗುವುದು ಈ ಕೊನೆಯ ಅರ್ಧ ನಿಮಿಷ. ವೇಬ್ರಿಡ್ಜಿಗೆ ಕಾನೂನು ಮಾಪನಶಾಸ್ತ್ರದ ಮುದ್ರೆ ಇರಬೇಕು. 2011ರ ನಿಯಮಗಳ ಪ್ರಕಾರ ಹನ್ನೆರಡು ತಿಂಗಳಿಗೊಮ್ಮೆ ಅದನ್ನು ಪರಿಶೀಲಿಸಿ ಮತ್ತೆ ಮುದ್ರೆ ಹಾಕಬೇಕು.

ಚೀಟಿಯ ಅಂಕಿಯಿಂದ ಕಂಟೇನರಿನ ತೂಕಕ್ಕೆ ಬರುವಾಗಲೂ ಎಚ್ಚರ ಬೇಕು. ಒಟ್ಟು ಭಾರದಿಂದ ಟ್ರಾಕ್ಟರು, ಟ್ರೇಲರುಗಳ ಭಾರ ಕಳೆಯಬೇಕು. ಖಾಲಿ ಕಂಟೇನರ್ ಹೊತ್ತೇ ವಾಹನವನ್ನು ಮೊದಲು ತೂಗಿದ್ದರೆ, ತುಂಬಿದ ಮೇಲಿನ ವ್ಯತ್ಯಾಸ ಸರಕಿನದ್ದು ಮಾತ್ರ. ಕಂಟೇನರಿನ ತೂಕವನ್ನು ಮತ್ತೆ ಕೂಡಿಸಬೇಕು. ಇದನ್ನು ಮರೆತರೆ ರೀಫರ್ ಒಂದರ ಲೆಕ್ಕದಲ್ಲಿ ನಾಲ್ಕೂವರೆ ಟನ್ನಿಗೂ ಹೆಚ್ಚು ಕಾಣೆ. ನಡುವೆ 300 ಲೀಟರ್ ಡೀಸೆಲ್ ತುಂಬಿಸಿದ್ದರೆ ಅದೇ ಸುಮಾರು 250 ಕಿಲೋ ತಪ್ಪಾಗಿ ಸರಕಿನ ಬಾಬ್ತಿಗೆ ಸೇರುತ್ತದೆ. ಭಾರತದಲ್ಲಿ ರಫ್ತುದಾರ ತುಂಬಿ ಕೊಡುವ ನಮೂನೆ ಒಂದೇ ಪುಟದ್ದು. ಅವನ ಹೆಸರು, ಆಮದು-ರಫ್ತು ಸಂಕೇತ ಸಂಖ್ಯೆ, ಸಹಿ ಮಾಡುವವರ ಹುದ್ದೆ, ಕಂಟೇನರ್ ಸಂಖ್ಯೆ, ಅದರ ಗರಿಷ್ಠ ಮಿತಿ, ವೇಬ್ರಿಡ್ಜಿನ ನೋಂದಣಿ ಸಂಖ್ಯೆ ಮತ್ತು ವಿಳಾಸ, ತೂಗಿದ ದಿನ, ಗಂಟೆ, ಚೀಟಿಯ ಸಂಖ್ಯೆ, ಸರಕು ಅಪಾಯಕಾರಿಯೇ ಅಲ್ಲವೇ ಎಂಬ ವಿವರ ಅದರಲ್ಲಿರುತ್ತವೆ. ಗಂಟೆ ಬರೆಯಬೇಕೆಂಬ ಷರತ್ತು ಚಿಕ್ಕದಾಗಿ ಕಂಡರೂ ಅಮೂಲ್ಯವಾದದ್ದು. ಮೊನ್ನೆಯ ಕಂಟೇನರಿನ ಚೀಟಿಯನ್ನು ಇಂದಿನದಕ್ಕೆ ಅಂಟಿಸುವ ಸೋಮಾರಿತನಕ್ಕೆ ಅದೂ ಒಂದು ತಡೆ.

ಸಂಭಾಜಿನಗರದಲ್ಲಿ ಸರಕಿನ ಸ್ವಭಾವ ಬೇರೆ, ಹಾಗಾಗಿ ತೂಕದ ಸಮಸ್ಯೆಯೂ ಬೇರೆ. ಔರಂಗಾಬಾದ್ ಎಂದು ಕರೆಯಲಾಗುತ್ತಿದ್ದ ಈ ಊರಿನ ಸುತ್ತ ಚಿಕಲಠಾಣಾ, ವಾಳೂಜ್, ಶೇಂದ್ರಾ ಕೈಗಾರಿಕಾ ವಸಾಹತುಗಳಿವೆ. ವಾಳೂಜಿನಲ್ಲಿ ಬಜಾಜ್ ಆಟೋ 1985ರಲ್ಲಿ ಕಾರ್ಖಾನೆ ತೆರೆದ ಮೇಲೆ ಬಿಡಿಭಾಗ ತಯಾರಕರ ದಂಡೇ ಬೆಳೆಯಿತು. ಶೇಂದ್ರಾದ ಪಕ್ಕದಲ್ಲಿ ದೆಹಲಿ-ಮುಂಬೈ ಕೈಗಾರಿಕಾ ಕಾರಿಡಾರಿನ ಭಾಗವಾಗಿ 'ಆರಿಕ್' ಎಂಬ ಹೊಸ ಕೈಗಾರಿಕಾ ನಗರ ಎದ್ದಿದೆ. ದ್ರಾಕ್ಷಿ ಕಂಟೇನರಿನಲ್ಲಿ ಜಾಗ ಮೊದಲು ತುಂಬುತ್ತದೆ, ತೂಕದ ಮಿತಿ ದೂರದಲ್ಲೇ ಉಳಿಯುತ್ತದೆ. ಎರಕ ಹೊಯ್ದ, ಬಡಿದು ರೂಪಿಸಿದ ಕಬ್ಬಿಣದ ಭಾಗಗಳಲ್ಲಿ ಇದು ತಿರುಗುಮುರುಗು. 20 ಅಡಿಯ ಪೆಟ್ಟಿಗೆಯ ನೆಲವಷ್ಟೇ ಮುಚ್ಚಿದ್ದರೂ ಮಿತಿ ಮುಟ್ಟಿರುತ್ತದೆ. ಮೇಲೆ ಅಷ್ಟೊಂದು ಜಾಗ ಖಾಲಿ ಕಾಣುವಾಗ ಇನ್ನೆರಡು ಪೆಟ್ಟಿಗೆ ತಳ್ಳುವ ಆಸೆ ಯಾರಿಗಾದರೂ ಬಂದೀತು. ಆ ಕೈಯನ್ನು ತಡೆಯಬೇಕಾದ್ದು ಅಂಕಿಯೇ.

ಒಂದೇ ಬಗೆಯ ಬಿಡಿಭಾಗಗಳನ್ನು ದಿನವೂ ಕಳಿಸುವ ಕಾರ್ಖಾನೆಗೆ ಎರಡನೇ ದಾರಿ ಅನುಕೂಲ. ಪ್ರತಿ ಕ್ರೇಟಿನ ತೂಕ ಗಣಕದಲ್ಲಿ ಮೊದಲೇ ಇರುತ್ತದೆ. ಆದರೆ ಕಬ್ಬಿಣ ಅಲುಗದಂತೆ ತಡೆಯಲು ಹಾಕುವ ಮರದ ದಿಮ್ಮಿ, ಬೆಣೆ, ಉಕ್ಕಿನ ಪಟ್ಟಿಗಳು ಆ ಗಣಕದಲ್ಲಿ ಇರುವುದಿಲ್ಲ. ಮೊದಲ ದಾರಿಯಲ್ಲಿ ಬರುವ ತೊಡಕು ಇನ್ನೊಂದು. ಒಂದೇ ಟ್ರೇಲರಿನ ಮೇಲೆ 20 ಅಡಿಯ ಎರಡು ಪೆಟ್ಟಿಗೆಗಳಿದ್ದಾಗ ಒಟ್ಟು ತೂಕವನ್ನು ಎರಡರಿಂದ ಭಾಗಿಸಿ ಅರ್ಧರ್ಧ ಬರೆಯುವುದು ಸುಲಭ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಮಾರ್ಗಸೂಚಿ ಇದನ್ನು ಒಪ್ಪುವುದಿಲ್ಲ, ಪ್ರತಿಯೊಂದನ್ನೂ ಪ್ರತ್ಯೇಕವಾಗಿ ತೂಗಬೇಕು. ಒಂದರಲ್ಲಿ 26 ಟನ್, ಮತ್ತೊಂದರಲ್ಲಿ 12 ಟನ್ ಇದ್ದರೆ ಅರ್ಧರ್ಧ ಲೆಕ್ಕ ಎರಡನ್ನೂ 19 ಎನ್ನುತ್ತದೆ. ಹಡಗಿನಲ್ಲಿ ಅವು ಅಕ್ಕಪಕ್ಕವೇ ಕೂರಬೇಕೆಂದೇನಿಲ್ಲ.

ಮರಾಠವಾಡಾದ ಹತ್ತಿಯದು ಮತ್ತೊಂದು ಬಗೆ. ಭಾರತದ ಹತ್ತಿ ಬೇಲಿನ ವಾಡಿಕೆಯ ತೂಕ 170 ಕಿಲೋ. ಆದರೆ ಹತ್ತಿ ಗಾಳಿಯ ತೇವ ಹೀರುವ ವಸ್ತು. ಬೇಸಿಗೆಯ ಗೋದಾಮಿನಲ್ಲಿ ತೂಗಿದ ಬೇಲು ಮಳೆಗಾಲದಲ್ಲಿ ಅದೇ ತೂಕ ತೋರಿಸದು. ತೂಗಿದ ದಿನ ಮುಖ್ಯವಾಗುವುದು ಇಲ್ಲಿ.

ಸಂಭಾಜಿನಗರದ ಕಂಟೇನರುಗಳಿಗೆ ಎರಡು ಹಾದಿ. ದೌಲತಾಬಾದ್ ಕೋಟೆಯ ಹತ್ತಿರದ ಮಾಳೀವಾಡಾದಲ್ಲಿ ಕಾನ್‌ಕಾರ್ ಸಂಸ್ಥೆಯ ಒಳನಾಡು ಡಿಪೋ ಇದೆ. ಅಲ್ಲಿಂದ ಮನಮಾಡ್ ದಾರಿಯಾಗಿ ರೈಲು. ದೌಲತಾಬಾದ್ ಎಂದರೆ ಹಿಂದಿನ ದೇವಗಿರಿ; ಅಲ್ಲಿಂದ ಆಳಿದ ಸೇವುಣರು ಕನ್ನಡದಲ್ಲೂ ಶಾಸನ ಕೆತ್ತಿಸಿದವರು. ಅವರ ರಾಜಧಾನಿಯ ಬುಡದಲ್ಲಿ ಇಂದು ಕಸ್ಟಮ್ಸ್ ಸೀಲು ಬೀಳುತ್ತದೆ. ಇನ್ನೊಂದು ಹಾದಿ ನಾಗಪುರ-ಮುಂಬೈ ಸಮೃದ್ಧಿ ಹೆದ್ದಾರಿ. 701 ಕಿಲೋಮೀಟರಿನ ಈ ರಸ್ತೆಯ ಕೊನೆಯ ತುಂಡು, ಇಗತಪುರಿಯಿಂದ ಭಿವಂಡಿ ಬಳಿಯ ಆಮಣೆವರೆಗಿನ 76 ಕಿಲೋಮೀಟರ್, 2025ರ ಜೂನ್ 5ರಂದು ತೆರೆಯಿತು. ಅದರಲ್ಲಿ ಸುಮಾರು 8 ಕಿಲೋಮೀಟರ್ ಉದ್ದದ ಸುರಂಗವಿದೆ. ಅಲ್ಲಿಯವರೆಗೆ ನಾಸಿಕ್ ಕಡೆಯ ಟ್ರೇಲರುಗಳು ಸಾಮಾನ್ಯವಾಗಿ ಕಸಾರಾ ಘಾಟಿನ ತಿರುವುಗಳನ್ನು ಇಳಿಯಬೇಕಿತ್ತು. ಸುಮಾರು 600 ಮೀಟರ್ ಎತ್ತರದ ದಖನ್ ಅಂಚಿನಿಂದ ಕೊಂಕಣಕ್ಕೆ ಇಳಿಯುವ ಈ ಜಾಗದಲ್ಲಿ, ತೂಕ ಎಂದರೆ ಬ್ರೇಕಿನ ಬಿಸಿ ಎಂಬುದು ಚಾಲಕರಿಗೆ ಯಾರೂ ಹೇಳಿಕೊಡಬೇಕಿಲ್ಲದ ಪಾಠ. ರಸ್ತೆಯ ಅಚ್ಚುಭಾರದ ಕಾನೂನು ಬೇರೆ, ಕಡಲಿನ ನಿಯಮ ಬೇರೆ. ಸುಳ್ಳು ಅಂಕಿ ಮೊದಲು ಅಪಾಯಕ್ಕೆ ಒಡ್ಡುವುದು ಮಾತ್ರ ಈ ಚಾಲಕನನ್ನೇ.

ಎರಡೂ ಊರಿನ ಪೆಟ್ಟಿಗೆಗಳು ಸೇರುವುದು ರಾಯಗಡ ಜಿಲ್ಲೆಯ ಉರಣ್ ತಾಲ್ಲೂಕಿನ ನ್ಹಾವಾ ಶೇವಾದಲ್ಲಿ, 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ಬಂದರಿನಲ್ಲಿ. ಗೇಟಿನಲ್ಲಿ 'ಫಾರ್ಮ್ 13' ಎಂಬ ಪ್ರವೇಶಪತ್ರ ತೋರಿಸಿ ಟ್ರೇಲರ್ ಒಳಹೋಗುವ ಹೊತ್ತಿಗೆ ತೂಕದ ಅಂಕಿ ಗಣಕದ ಮೂಲಕ ಹಡಗು ಕಂಪನಿಗೆ ಸೇರಿರಬೇಕು. ಅದನ್ನು ಇಟ್ಟುಕೊಂಡೇ ಯೋಜಕನೊಬ್ಬ ಯಾವ ಪೆಟ್ಟಿಗೆ ಹಡಗಿನ ಯಾವ ಅಂಕಣದಲ್ಲಿ, ಎಷ್ಟನೇ ಮಟ್ಟದಲ್ಲಿ ಕೂರಬೇಕೆಂದು ನಕ್ಷೆ ಬರೆಯುತ್ತಾನೆ. ಹಳೆಯ ಮನೆಗಳ ಅಡಕಲು ಗಡಿಗೆಗಳ ಹಾಗೆ ಭಾರದ್ದು ಕೆಳಗೆ, ಹಗುರವಾದದ್ದು ಮೇಲೆ. ಈ ಯೋಜಕ ಪೆಟ್ಟಿಗೆಯನ್ನು ತೆರೆದು ನೋಡಲಾರ. 12 ಟನ್ ಎಂದು ಬರೆದು 26 ಟನ್ ಇದ್ದ ಪೆಟ್ಟಿಗೆ ಮೇಲಿನ ಮಟ್ಟಕ್ಕೆ ಹೋದರೆ ಹಡಗು ಹೊರಳಿದಾಗ ಕೆಳಗಿನ ಪೆಟ್ಟಿಗೆಗಳ ಮೂಲೆಗಂಬಗಳು ಬಾಗುತ್ತವೆ, ಬಿಗಿದ ಲ್ಯಾಶಿಂಗ್ ಸರಳುಗಳು ಕಡಿಯುತ್ತವೆ, ಇಡೀ ಸಾಲು ಕುಸಿಯುತ್ತದೆ. ಸಣ್ಣ ಹಡಗಾದರೆ ಸಮತೋಲವೇ ತಪ್ಪಬಹುದು.

2011ರ ಜೂನಿನಲ್ಲಿ ಸ್ಪೇನಿನ ಅಲ್ಜೆಸಿರಾಸ್ ಬಂದರಿನಲ್ಲಿ 'ಡೆನೆಬ್' ಎಂಬ ಹಡಗು ಸರಕು ತುಂಬುತ್ತಿರುವಾಗಲೇ ದಕ್ಕೆಗೆ ಒರಗಿ ಮಗುಚಿತು. ಪಟ್ಟಿಯಲ್ಲಿದ್ದ 168 ಕಂಟೇನರುಗಳಲ್ಲಿ 16ರ ತೂಕ ಬರೆದದ್ದಕ್ಕಿಂತ ಬಹಳ ಹೆಚ್ಚಿತ್ತು. ಅದಕ್ಕೂ ಮೊದಲು, 2007ರ ಜನವರಿಯಲ್ಲಿ, 'ಎಂಎಸ್‌ಸಿ ನಾಪೋಲಿ' ಇಂಗ್ಲಿಷ್ ಕಾಲುವೆಯ ಬಿರುಗಾಳಿಯಲ್ಲಿ ಒಡಲು ಬಿರಿದು, ಡೆವನ್‌ನ ಬ್ರಾನ್‌ಸ್ಕೂಂಬ್ ತೀರದಲ್ಲಿ ನೆಲಕ್ಕೆ ತಾಗಿ ನಿಂತಿತು. 26 ನಾವಿಕರೂ ಬದುಕುಳಿದರು. ಡೆಕ್ಕಿನ ಮೇಲೆ ನೆನೆಯದೆ ಉಳಿದಿದ್ದ ಸುಮಾರು 660 ಕಂಟೇನರುಗಳನ್ನು ಬ್ರಿಟನ್ನಿನ ತನಿಖಾಧಿಕಾರಿಗಳು ತೂಗಿಸಿದರು. 137 ಪೆಟ್ಟಿಗೆಗಳಲ್ಲಿ 3 ಟನ್ನಿಗೂ ಹೆಚ್ಚು ವ್ಯತ್ಯಾಸವಿತ್ತು, ಒಂದರಲ್ಲಂತೂ 20 ಟನ್. ಒಡಲಿನ ಬಲ ಸಾಲದೆ ಹೋದದ್ದು ಮುಖ್ಯ ಕಾರಣ, ತೂಕದ ತಪ್ಪು ಸುರಕ್ಷತೆಯ ಅಂಚನ್ನು ಇನ್ನಷ್ಟು ತೆಳುವಾಗಿಸಿತು ಎಂಬುದು ಅವರ ನಿಲುವು. ನಿಯಮ ಬರಲು ಇನ್ನೂ ಒಂಬತ್ತು ವರ್ಷ ಹಿಡಿಯಿತೆಂಬುದು ನೋವಿನ ಮಾತು. ತೂಗುವ ಖರ್ಚು ಯಾರದ್ದು, ತಡವಾದರೆ ನಷ್ಟ ಯಾರಿಗೆ ಎಂಬ ಚರ್ಚೆಯಲ್ಲೇ ಆ ವರ್ಷಗಳು ಕಳೆದವು.

ಈ ನಿಯಮಕ್ಕೂ ಮಿತಿಗಳಿವೆ. ಅದು ಎಷ್ಟು ಭಾರವೆಂದು ಹೇಳುತ್ತದೆ, ಭಾರ ಎಲ್ಲಿದೆ ಎನ್ನುವುದಿಲ್ಲ. ಒಂದೇ ತುದಿಗೆ ಕಬ್ಬಿಣ ಪೇರಿಸಿದ ಪೆಟ್ಟಿಗೆಯೂ ಸರಿಯಾದ ತೂಕದ ಚೀಟಿ ಹಿಡಿದು ಹಡಗು ಹತ್ತಬಹುದು. ಸರಕು ಜೋಡಿಸುವ ರೀತಿಗೆಂದೇ 2014ರ ಅಂತರರಾಷ್ಟ್ರೀಯ ಸಂಹಿತೆಯೊಂದಿದೆ, ಆದರೆ ಅದು ಕಡ್ಡಾಯವಲ್ಲ. ಇದು ದೊಡ್ಡ ಕೊರತೆಯೇ. ಸಣ್ಣ ರಫ್ತುದಾರನ ಕಷ್ಟವೂ ಸುಳ್ಳಲ್ಲ. ಅಂಕಿಯಲ್ಲಿ ತಪ್ಪು ಕಂಡು ಬಂದರಿನಲ್ಲಿ ಪೆಟ್ಟಿಗೆ ನಿಂತರೆ ಯಂತ್ರದ ಬಿಡಿಭಾಗ ಕಾಯುತ್ತದೆ, ದ್ರಾಕ್ಷಿ ಕಾಯುವುದಿಲ್ಲ. ರೀಫರನ್ನು ವಿದ್ಯುತ್ತಿಗೆ ಜೋಡಿಸಿಟ್ಟ ಬಾಡಿಗೆ ಏರುತ್ತದೆ, ಹಡಗು ತಪ್ಪುತ್ತದೆ, ಹಣ್ಣಿನ ಆಯುಸ್ಸು ದಿನದಿನಕ್ಕೂ ಕಡಿಮೆಯಾಗುತ್ತದೆ. ಪ್ಯಾಕ್‌ಹೌಸಿನ ಅಂಗಳದಲ್ಲೇ ಮುದ್ರೆಯುಳ್ಳ ವೇಬ್ರಿಡ್ಜ್ ಇಟ್ಟುಕೊಂಡರೆ ಅದರ ಖರ್ಚು ಇಂಥ ಒಂದೆರಡು ತಡೆಗಳಲ್ಲೇ ಹುಟ್ಟಬಹುದು. ವಿಜಯಪುರದ ದ್ರಾಕ್ಷಿ, ವೈಟ್‌ಫೀಲ್ಡ್ ಡಿಪೋದಿಂದ ಚೆನ್ನೈಗೆ ಹೋಗುವ ಬೆಂಗಳೂರಿನ ಸರಕು, ನವಮಂಗಳೂರು ಬಂದರಿನ ಕಾಫಿ, ಗೋಡಂಬಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ನ್ಹಾವಾ ಶೇವಾ ಬಿಟ್ಟ ದ್ರಾಕ್ಷಿ ಹಡಗುಗಳ ಹಾದಿಯೂ ಈಚೆಗೆ ಕಠಿಣವಾಯಿತು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾದ ಮೇಲೆ ಯುರೋಪಿನತ್ತ ಹೋಗುವ ಬಹಳಷ್ಟು ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕದ ತುದಿಯ ಗುಡ್‌ಹೋಪ್ ಭೂಶಿರ ಸುತ್ತತೊಡಗಿದವು. ಹಣ್ಣಿನ ಪ್ರಯಾಣ ವಾರಗಳಷ್ಟು ಉದ್ದವಾಯಿತು, ದಾರಿಯಲ್ಲಿ ಸಿಗುವ ಅಲೆಗಳೂ ದೊಡ್ಡವಾದವು. 2024ರ ಜುಲೈನಲ್ಲಿ ದಕ್ಷಿಣ ಆಫ್ರಿಕದ ಆಚೆ 'ಸಿಎಂಎ ಸಿಜಿಎಂ ಬೆಂಜಮಿನ್ ಫ್ರಾಂಕ್ಲಿನ್' ಹಡಗಿನಿಂದ 44 ಕಂಟೇನರುಗಳು ಬಿರುಗಾಳಿಯಲ್ಲಿ ಕಡಲು ಸೇರಿದವು. ಹೀಗೆ ಕಳೆದುಹೋದ ಪೆಟ್ಟಿಗೆಗಳನ್ನು ಸುತ್ತಲಿನ ಹಡಗುಗಳಿಗೂ ಹತ್ತಿರದ ಕರಾವಳಿ ರಾಷ್ಟ್ರಕ್ಕೂ ತಡಮಾಡದೆ ತಿಳಿಸುವುದು ಸೋಲಾಸ್ ಒಪ್ಪಂದದ ಮತ್ತೊಂದು ತಿದ್ದುಪಡಿಯಿಂದ 2026ರ ಜನವರಿ 1ರಿಂದ ಕಡ್ಡಾಯ.